ಅಮೆರಿಕದ ಕಾಡು ಉಳಿಸಿದವರು: ಮ್ಯೂರ್, ರೂಸ್‌ವೆಲ್ಟ್ ಬಿಟ್ಟರೆ ಬೇರೆ ಯಾರೂ ಇಲ್ವಾ?

ಹೊಳೆಸಾಲು:
ನಮ್ಮ ಊರಿನ ಓದುಬಳಗದಲ್ಲಿ ಮುಂದಿನ ತಿಂಗಳು ಅಮೆರಿಕದ ಪರಿಸರ ಸಂರಕ್ಷಣೆಯ ಚರಿತ್ರೆ ಬಗ್ಗೆ ಮಾತಾಡಬೇಕು. ಓದುತ್ತಾ ಕೂತರೆ ಎಲ್ಲಿ ನೋಡಿದರೂ ಅದೇ ಎರಡು ಹೆಸರು. ನಿಸರ್ಗದ ಬಗ್ಗೆ ಬರೆದ ಜಾನ್ ಮ್ಯೂರ್, ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್. 1903ರ ಮೇ ತಿಂಗಳಲ್ಲಿ ಇಬ್ಬರೂ ಕ್ಯಾಲಿಫೋರ್ನಿಯಾದ ಯೊಸೆಮಿಟಿ ಕಾಡಿನಲ್ಲಿ ಮೂರು ರಾತ್ರಿ ಬಯಲಲ್ಲಿ ಮಲಗಿದರು, ಕಂಬಳಿ ಮೇಲೆ ಹಿಮ ಬಿತ್ತು, ಅಲ್ಲಿಂದ ಅಮೆರಿಕದ ಕಾಡು ಉಳಿಯಿತು ಅನ್ನೋ ಹಾಗೆ ಬರೆದಿರುತ್ತಾರೆ. ಅಷ್ಟು ದೊಡ್ಡ ದೇಶದ ಕಾಡು ಇಬ್ಬರು ಗಂಡಸರು ಬೆಂಕಿ ಮುಂದೆ ಕೂತು ಮಾತಾಡಿದ್ದರಿಂದ ಉಳೀತಾ? ನನಗೆ ನಂಬಿಕೆ ಬರುತ್ತಿಲ್ಲ.

ನಿಮ್ಮ ಪ್ರಕಾರ ಯಾರ ಕೆಲಸ ನಿಜಕ್ಕೂ ದೊಡ್ಡದು? ಹೆಸರು ಹೇಳಿ, ಯಾಕೆ ಅಂತಲೂ ಹೇಳಿ.

ಬಿಸಿಲುಕುದುರೆ:
ರೂಸ್‌ವೆಲ್ಟ್ ಹೆಸರು ಸುಮ್ನೆ ಬಂದಿಲ್ಲ. ಅಧ್ಯಕ್ಷರಾಗಿದ್ದ 1901ರಿಂದ 1909ರ ಒಳಗೆ ಸುಮಾರು 23 ಕೋಟಿ ಎಕರೆಗೆ ರಕ್ಷಣೆ ಕೊಟ್ಟರು. ನಮ್ಮ ಕರ್ನಾಟಕದಷ್ಟು ದೊಡ್ಡ ರಾಜ್ಯಗಳು ಹೆಚ್ಚುಕಡಿಮೆ ಐದು ಸೇರಿದರೆ ಅಷ್ಟಾಗುತ್ತದೆ.

1907ರದ್ದು ಕೇಳಿ. ವಾಯವ್ಯದ ಆರು ರಾಜ್ಯಗಳಲ್ಲಿ ಅಧ್ಯಕ್ಷರು ಇನ್ನು ಮುಂದೆ ತಾವಾಗಿಯೇ ಮೀಸಲು ಅರಣ್ಯ ಘೋಷಿಸುವ ಹಾಗಿಲ್ಲ ಅಂತ ಕಾಂಗ್ರೆಸ್, ಅಂದರೆ ಅಲ್ಲಿನ ಸಂಸತ್ತು, ಒಂದು ಮಸೂದೆಯಲ್ಲಿ ಸೇರಿಸಿತು. ಸಹಿ ಹಾಕದೆ ಬೇರೆ ದಾರಿ ಇರಲಿಲ್ಲ. ಆದರೆ ಸಹಿಗೆ ಕೆಲವು ದಿನ ಸಮಯ ಇತ್ತು. ಅರಣ್ಯ ಇಲಾಖೆಯವರು ಹಗಲು ರಾತ್ರಿ ನಕ್ಷೆ ಹರಡಿಕೊಂಡು ಗೆರೆ ಎಳೆದರು. ರೂಸ್‌ವೆಲ್ಟ್ 1.6 ಕೋಟಿ ಎಕರೆ ಕಾಡನ್ನು ಮೊದಲು ಮೀಸಲು ಮಾಡಿ, ಆಮೇಲೆ ಮಸೂದೆಗೆ ಸಹಿ ಹಾಕಿದರು. ಇಂಥ ಧೈರ್ಯದ ಒಬ್ಬ ರಾಜಕಾರಣಿ ಇಲ್ಲದಿದ್ದರೆ ಉಳಿದವರು ಎಷ್ಟು ಬರೆದರೂ ಏನು ಬಂತು?

ಕಾಡುಮಲ್ಲಿಗೆ:
ಡಿಡಿಟಿಯಂಥ ಕೀಟನಾಶಕಗಳ ಅಪಾಯದ ಬಗ್ಗೆ ‘ಸೈಲೆಂಟ್ ಸ್ಪ್ರಿಂಗ್’ ಪುಸ್ತಕ ಬರೆದ ರೇಚಲ್ ಕಾರ್ಸನ್ ಹೆಸರು ಇನ್ನೂ ಯಾರ ಬಾಯಲ್ಲೂ ಬಂದಿಲ್ಲವಲ್ಲ?

ನಕ್ಷೆಗಾರ:
ಆ ಗೆರೆ ಎಳೆಸಿದ್ದು ಗಿಫರ್ಡ್ ಪಿಂಚೋ. ನನ್ನ ಮಟ್ಟಿಗೆ ಅವರೇ ಮೊದಲು. ಶ್ರೀಮಂತ ಮನೆತನದ ಹುಡುಗ, ಫ್ರಾನ್ಸ್‌ನ ನಾನ್ಸಿಗೆ ಹೋಗಿ ಅರಣ್ಯಶಾಸ್ತ್ರ ಕಲಿತರು. ಆಗ ಅಮೆರಿಕದಲ್ಲಿ ಅದನ್ನು ಕಲಿಸುವ ಒಂದು ಶಾಲೆಯೂ ಇರಲಿಲ್ಲ. 1905ರಲ್ಲಿ ಅರಣ್ಯ ಸೇವೆಯ ಮೊದಲ ಮುಖ್ಯಸ್ಥರಾದರು. ಆಗ ರಾಷ್ಟ್ರೀಯ ಅರಣ್ಯ ಇದ್ದದ್ದು 5.6 ಕೋಟಿ ಎಕರೆ, 1910ಕ್ಕೆ 17.2 ಕೋಟಿ. ಅದೇ 1910ರ ಜನವರಿಯಲ್ಲಿ, ಅಲಾಸ್ಕಾದ ಕಲ್ಲಿದ್ದಲು ಜಮೀನು ಖಾಸಗಿಯವರ ಪಾಲಾಗುತ್ತಿದೆ ಅಂತ ಬಹಿರಂಗವಾಗಿ ಜಗಳ ತೆಗೆದಿದ್ದಕ್ಕೆ ಅಧ್ಯಕ್ಷ ಟಾಫ್ಟ್ ಅವರನ್ನು ಕೆಲಸದಿಂದ ತೆಗೆದರು. ಕುರ್ಚಿ ಹೋದರೂ ಮಾತು ಬಿಡಲಿಲ್ಲ.

ಮ್ಯೂರ್ ಪ್ರಕಾರ ಕಾಡು ದೇವಸ್ಥಾನ. ಪಿಂಚೋ ಪ್ರಕಾರ ಅದು ಜನರ ಆಸ್ತಿ, ಬಳಸಬೇಕು, ಆದರೆ ಮುಂದಿನವರಿಗೂ ಉಳಿಯುವ ಹಾಗೆ. ದೇಶ ನಡೆಸುವವರಿಗೆ ಎರಡನೆಯದು ಬೇಕು.

ತೊರೆದಂಡೆ:
ಪಿಂಚೋ ಬಗ್ಗೆ ಹೊಗಳುವ ಮುಂಚೆ ಹೆಚ್ ಹೆಚಿ ಕಣಿವೆಗೆ ಒಂದು ಸಲ ಹೋಗಿ ಬನ್ನಿ.

ನಾನು ಸನಿವೇಲ್‌ನಲ್ಲಿದ್ದೇನೆ. ಯೊಸೆಮಿಟಿಗೆ ಹೋಗುವ ನಮ್ಮವರೆಲ್ಲ ಹಾಫ್ ಡೋಮ್ ಬಂಡೆ ಮುಂದೆ ಫೋಟೋ ತೆಗೆಸಿಕೊಂಡು ವಾಪಸ್ ಬರುತ್ತಾರೆ. ಅದೇ ಉದ್ಯಾನದ ಉತ್ತರದ ಮೂಲೆಗೆ ಯಾರೂ ಹೋಗುವುದಿಲ್ಲ. ಅಲ್ಲಿ ಒಶಾನೆಸಿ ಅಣೆಕಟ್ಟಿದೆ. ಕಟ್ಟೆ ಮೇಲೆ ನಡೆದು ಆಚೆ ಹೋದರೆ ಬಂಡೆ ಕೊರೆದ ಒಂದು ಸುರಂಗ. ಒಳಗೆ ಕತ್ತಲು, ಚಳಿ, ಮೇಲಿಂದ ನೀರು ತೊಟ್ಟಿಕ್ಕುತ್ತಿರುತ್ತದೆ. ಸುರಂಗ ದಾಟಿದರೆ ಎಡಕ್ಕೆ ವಾಪಾಮ ಜಲಪಾತ, ಎದುರು ದಡದಲ್ಲಿ ಕೊಲಾನಾ ಬಂಡೆ ನೇರವಾಗಿ ನೀರಿನಿಂದ ಎದ್ದು ನಿಂತಿದೆ. ಯೊಸೆಮಿಟಿ ಕಣಿವೆಯದೇ ಇನ್ನೊಂದು ರೂಪ. ತಳ ಮಾತ್ರ ಕಾಣುವುದಿಲ್ಲ, ಹುಲ್ಲುಗಾವಲು, ಓಕ್ ಮರ ಇದ್ದ ಜಾಗ ಪೂರ್ತಿ ನೀರಿನ ಅಡಿ. ದೋಣಿ ಇಲ್ಲ, ಈಜುವ ಹಾಗಿಲ್ಲ. ಕುಡಿಯುವ ನೀರು.

ಆ ಜಾಗ 1890ರಿಂದಲೇ ರಾಷ್ಟ್ರೀಯ ಉದ್ಯಾನದ ಒಳಗಿತ್ತು. ಆದರೂ ಸ್ಯಾನ್ ಫ್ರಾನ್ಸಿಸ್ಕೊ ನಗರ ನೀರಿಗಾಗಿ ಅಲ್ಲಿ ಅಣೆಕಟ್ಟು ಕಟ್ಟಲು ಅನುಮತಿ ಕೇಳಿತು, ಪಿಂಚೋ ಬೆಂಬಲ ಕೊಟ್ಟರು. ಮ್ಯೂರ್ ವರ್ಷಗಟ್ಟಲೆ ಬರೆದರು, ಹೋರಾಡಿದರು. 1913ರ ಡಿಸೆಂಬರ್ 19ಕ್ಕೆ ಅಧ್ಯಕ್ಷ ವಿಲ್ಸನ್ ಸಹಿ ಹಾಕಿದರು. ಮರುವರ್ಷ ಡಿಸೆಂಬರ್ 24ಕ್ಕೆ ಮ್ಯೂರ್ ತೀರಿಕೊಂಡರು. ಇಂದು ಆ ನೀರು ಸುಮಾರು 27 ಲಕ್ಷ ಜನರಿಗೆ ಹೋಗುತ್ತದೆ. ಸನಿವೇಲ್, ಮಿಲ್ಪಿಟಾಸ್‌ನಲ್ಲಿರುವ ಎಷ್ಟೋ ಕನ್ನಡಿಗರ ಮನೆ ನಲ್ಲಿಗೂ ಅಲ್ಲಿಂದಲೇ ಬರುತ್ತದೆ. ನೀರು ಕುಡಿಯುವಾಗ ಅದು ಎಲ್ಲಿಂದ ಬಂತು ಅಂತ ಗೊತ್ತಿರಬೇಕು ಅಲ್ವಾ?

ನಕ್ಷೆಗಾರ:
ಗೊತ್ತಿರಲಿ. ಆದರೆ ಸ್ಯಾನ್ ಫ್ರಾನ್ಸಿಸ್ಕೊದ 1906ರ ಭೂಕಂಪ, ಬೆಂಕಿ ಮರೆಯಬೇಡಿ. ಊರಿಗೆ ಊರೇ ಸುಟ್ಟಿತ್ತು. ನೀರು ಒಂದು ಖಾಸಗಿ ಕಂಪನಿಯ ಕೈಯಲ್ಲಿತ್ತು. ಜನರ ನೀರು ಜನರ ಕೈಗೆ ಬರಬೇಕು ಅನ್ನೋದು ಪಿಂಚೋ ಕಾಳಜಿ. ಅದರಲ್ಲಿ ತಪ್ಪೇನು?

ತೊರೆದಂಡೆ:
ಬೆಂಕಿ ಆರಿಸಲು ಆಗದಿದ್ದದ್ದು ಜಲಾಶಯ ಸಣ್ಣದು ಅಂತ ಅಲ್ಲ. ನೆಲ ನಡುಗಿ ಕೊಳವೆಗಳು ಒಡೆದಿದ್ದವು. ಹೆಚ್ ಹೆಚಿಯಲ್ಲಿ ಸಮುದ್ರದಷ್ಟು ನೀರಿದ್ದರೂ ಆ ದಿನ ನಲ್ಲಿಗೆ ಬರುತ್ತಿರಲಿಲ್ಲ. ನೀರಿಗೆ ಬೇರೆ ಜಾಗಗಳೂ ಇದ್ದವು. ಇಲ್ಲಿ ಅಗ್ಗ, ಜೊತೆಗೆ ವಿದ್ಯುತ್ತೂ ಸಿಗುತ್ತದೆ ಅಂತ ಆರಿಸಿದರು.

ಜೋಗದಗುಂಡಿ:
ಇದನ್ನು ಓದಿದರೆ ನಮಗೆ ಶರಾವತಿ ನೆನಪಾಗದೆ ಇರುತ್ತದಾ? 1964ರಲ್ಲಿ ಲಿಂಗನಮಕ್ಕಿ ತುಂಬಿತು. ನಮ್ಮ ಅಜ್ಜನ ಮನೆ, ಅಡಿಕೆ ತೋಟ ಎರಡೂ ಒಳಗೆ ಹೋಯಿತು. ರಾಜ್ಯಕ್ಕೆಲ್ಲ ಬೆಳಕು ಬಂತು, ಮುಳುಗಿದವರ ಎಷ್ಟೋ ಮನೆಗೆ ಭೂಮಿಯ ಹಕ್ಕುಪತ್ರ ಇವತ್ತಿಗೂ ಬಂದಿಲ್ಲ. ಅಮೆರಿಕದವರು ಒಂದು ಕಣಿವೆಗೆ ನೂರು ವರ್ಷದಿಂದ ಅಳುತ್ತಾರೆ. ನಮ್ಮಲ್ಲಿ ಮುಳುಗಿದ ಊರುಗಳ ಹೆಸರೂ ಪಠ್ಯದಲ್ಲಿಲ್ಲ.

ಬಿಸಿಲುಕುದುರೆ:
ಶರಾವತಿಗೆ ಬೇರೆ ಎಳೆ ತೆರೆಯೋಣ, ಇಲ್ಲಿ ಶುರುವಾದರೆ ಮುಗಿಯುವುದಿಲ್ಲ.

ಜೋಗದಗುಂಡಿ:
ತೆರೆಯಿರಿ, ಬರುತ್ತೇನೆ. ಆದರೆ ಇದು ವಿಷಯದ ಹೊರಗಿನ ಮಾತಲ್ಲ. ಅಣೆಕಟ್ಟಿನ ಲಾಭ ಒಂದು ಕಡೆ, ನಷ್ಟ ಇನ್ನೊಂದು ಕಡೆ. ಪಿಂಚೋ ಲೆಕ್ಕದಲ್ಲಿ ನಷ್ಟದವರಿಗೆ ಜಾಗವೇ ಇಲ್ಲ.

ಹಳೆಕಡತ:
ಪಿಂಚೋಗೂ ನಮಗೂ ನೇರ ಸಂಬಂಧವೇ ಇದೆ. ಅವರಿಗೆ ಗುರುವಿನಂತೆ ದಾರಿ ತೋರಿದವರು ಡೀಟ್ರಿಚ್ ಬ್ರಾಂಡಿಸ್ ಅನ್ನುವ ಜರ್ಮನ್. ಈ ಬ್ರಾಂಡಿಸ್ ಯಾರು? ಬರ್ಮಾದ ತೇಗದ ಕಾಡು ನೋಡಿಕೊಂಡಿದ್ದವರು, 1864ರಿಂದ ಬ್ರಿಟಿಷ್ ಭಾರತದ ಮೊದಲ ಅರಣ್ಯ ಮಹಾನಿರೀಕ್ಷಕರು. ನಿವೃತ್ತಿ ಆದ ಮೇಲೆ ಬಾನ್ ಊರಿಗೆ ಹೋಗಿ ನೆಲೆಸಿದ್ದರು. ಪಿಂಚೋ ಯುರೋಪಿಗೆ ಹೋದಾಗ ಅವರ ಹತ್ತಿರ ಕಲಿತರು. ಅಂದರೆ ಅಮೆರಿಕದ ಅರಣ್ಯ ಸೇವೆ ಹುಟ್ಟುವಾಗ ಅದರ ಹಿಂದೆ ನಮ್ಮ ಕಾಡುಗಳಲ್ಲಿ ನಡೆದ ಪ್ರಯೋಗ ಇತ್ತು.

ಆ ಪ್ರಯೋಗದ ಇನ್ನೊಂದು ಮುಖವೂ ಇದೆ. ಬ್ರಾಂಡಿಸ್ ಅಧಿಕಾರದಲ್ಲಿದ್ದಾಗಲೇ 1878ರ ಅರಣ್ಯ ಕಾಯ್ದೆ ಬಂತು. ಹಳ್ಳಿಯವರ ಹಕ್ಕು ಉಳಿಯಬೇಕು ಅಂತ ಅವರು ಸ್ವಲ್ಪ ವಾದಿಸಿದ್ದರು, ಅದು ನಡೆಯಲಿಲ್ಲ. ಸೊಪ್ಪು, ಸೌದೆ, ಮೇವು ಎಲ್ಲದಕ್ಕೂ ಸರ್ಕಾರದ ಅಪ್ಪಣೆ. 1930ರಲ್ಲಿ ನಮ್ಮ ಶಿರಸಿ, ಸಿದ್ದಾಪುರದ ಕಡೆ ಅರಣ್ಯ ಸತ್ಯಾಗ್ರಹ ನಡೆದದ್ದು ಈ ಸಿಟ್ಟಿನಿಂದಲೇ.

ಕಾಡುಮಲ್ಲಿಗೆ:
ಇದು ನನಗೆ ಹೊಸದು. ಬ್ರಾಂಡಿಸ್ ಬಗ್ಗೆ ಇನ್ನೂ ಬರೆಯಿರಿ.

ಗಿರಿಜನಸ್ನೇಹಿ:
ಮ್ಯೂರ್, ಪಿಂಚೋ ಜಗಳದಲ್ಲಿ ಮೂರನೆಯವರು ಕಾಣೆಯಾಗಿದ್ದಾರೆ. ಯೊಸೆಮಿಟಿ ಕಣಿವೆಯಲ್ಲಿ ಅವಾನೀಚಿ ಜನ ಇದ್ದರು. 1851ರಲ್ಲಿ ಮಾರಿಪೋಸಾ ಬೆಟಾಲಿಯನ್ ಅನ್ನುವ ಪಡೆ ಒಳಗೆ ನುಗ್ಗಿ, ಗುಡಿಸಲು ಸುಟ್ಟು, ಕೂಡಿಟ್ಟ ಓಕ್ ಕಾಯಿ ಸುಟ್ಟು ಅವರನ್ನು ಹೊರಗೆ ಅಟ್ಟಿತು. ಕೆಲವರು ತಿರುಗಿ ಬಂದರು, ಹೋಟೆಲ್, ಕೂಲಿ ಕೆಲಸ ಮಾಡಿಕೊಂಡು ಉಳಿದರು. ಅವರ ಕೊನೆಯ ಕೇರಿಯನ್ನು ಉದ್ಯಾನದವರು ತೆರವು ಮಾಡಿದ್ದು 1969ರಲ್ಲಿ. ಚಂದ್ರನ ಮೇಲೆ ಮನುಷ್ಯ ಇಳಿದ ವರ್ಷ ಅದು!

ಮ್ಯೂರ್ ಬಂದು ನೋಡಿದ ಆ ಸುಂದರ ಹುಲ್ಲುಗಾವಲು ತಾನಾಗಿ ಆದದ್ದಲ್ಲ. ಆ ಜನ ಕಾಲಕಾಲಕ್ಕೆ ಬೆಂಕಿ ಕೊಟ್ಟು ಪೊದೆ ಸುಟ್ಟು ಓಕ್ ಮರ ಬೆಳೆಸಿದ್ದರು. ಕಾಡು ಮಾಡಿದವರನ್ನು ಓಡಿಸಿ, ಇದು ಮನುಷ್ಯ ಮುಟ್ಟದ ಕಾಡು ಅಂತ ಬೋರ್ಡು ಹಾಕಿದರು. ಮ್ಯೂರ್ ಮೊದಲಿನ ಬರಹದಲ್ಲಿ ಆ ಜನರನ್ನು ಕೊಳಕರು ಅಂತ ಕರೆದದ್ದೂ ಇದೆ. ಅವರೇ ಮೊದಲ ಅಧ್ಯಕ್ಷರಾಗಿದ್ದ ಸಿಯೆರಾ ಕ್ಲಬ್ ಅನ್ನುವ ಪರಿಸರ ಸಂಘ 2020ರಲ್ಲಿ ಇದನ್ನೆಲ್ಲ ಬಾಯಿಬಿಟ್ಟು ಹೇಳಿತು.

ತೊರೆದಂಡೆ:
ಅಲಾಸ್ಕಾದಲ್ಲಿ ಟ್ಲಿಂಗಿಟ್ ಜನರ ಜೊತೆ ದೋಣಿಯಲ್ಲಿ ಓಡಾಡಿದ ಮೇಲೆ ಮ್ಯೂರ್ ಧಾಟಿ ಬದಲಾಯಿತು. ಅವರ ಬಗ್ಗೆ ಗೌರವದಿಂದಲೇ ಬರೆದಿದ್ದಾರೆ. 1879ರ ಮಾತು ಅದು. ಮನುಷ್ಯನ ಪೂರ್ತಿ ಬಾಳು ನೋಡಬೇಕು.

ಗಿರಿಜನಸ್ನೇಹಿ:
ನೋಡೋಣ. ಆದರೆ ಓಡಿಸಿದ ಜನರಿಗೆ ಜಾಗ ವಾಪಸ್ ಕೊಡಿ ಅಂತ ಅವರು ಎಲ್ಲೂ ಕೇಳಲಿಲ್ಲ. ನಾಗರಹೊಳೆಯಲ್ಲಿ ಜೇನುಕುರುಬರು ಕೇಳುತ್ತಿರುವುದೂ ಅದೇ ಪ್ರಶ್ನೆ. ರಾಷ್ಟ್ರೀಯ ಉದ್ಯಾನ ಅಂದರೆ ಒಳಗೆ ಜನ ಇರಬಾರದು ಅನ್ನುವ ಯೋಚನೆ ಬಹುಪಾಲು ಅಲ್ಲಿಂದ ಬಂದದ್ದು. ನಮ್ಮ ಬೆಂಗಳೂರಿನ ರಾಮಚಂದ್ರ ಗುಹಾ 1989ರಲ್ಲೇ ಒಂದು ಪ್ರಬಂಧದಲ್ಲಿ ಅಮೆರಿಕದವರಿಗೇ ಇದನ್ನು ಹೇಳಿದರು. ನಿಮ್ಮ ಕಾಡಿನ ಕಲ್ಪನೆ ತಂದು ನಮ್ಮ ಬಡವರ ಮೇಲೆ ಹೇರಬೇಡಿ ಅಂತ.

ಹುಲಿಹೆಜ್ಜೆ:
ನಾಗರಹೊಳೆ ಹೆಸರು ಬಂತಲ್ಲ, ನಾನೂ ಹೇಳಬೇಕು. ನ್ಯೂಯಾರ್ಕ್ ಝೂವಾಲಜಿಕಲ್ ಸೊಸೈಟಿ ಅಂತ 1895ರಲ್ಲಿ ಹುಟ್ಟಿತು. ಕಟ್ಟಿದವರಲ್ಲಿ ಒಬ್ಬ ಮ್ಯಾಡಿಸನ್ ಗ್ರಾಂಟ್. ಕ್ಯಾಲಿಫೋರ್ನಿಯಾದ ರೆಡ್‌ವುಡ್ ಮರ ಉಳಿಸಲು 1918ರಲ್ಲಿ ಸಂಘ ಕಟ್ಟಿದವನೂ ಅವನೇ. ಬಿಳಿಯರ ಒಂದು ಪಂಗಡವೇ ಶ್ರೇಷ್ಠ ಅಂತ ಜನಾಂಗದ್ವೇಷದ ಪುಸ್ತಕ ಬರೆದವನೂ ಅವನೇ, ನಾಜಿಗಳು ಅದನ್ನು ಮೆಚ್ಚಿಕೊಂಡರು. ಆ ಸೊಸೈಟಿಯ ಬ್ರಾಂಕ್ಸ್ ಮೃಗಾಲಯದ ಮೊದಲ ನಿರ್ದೇಶಕ ವಿಲಿಯಂ ಹಾರ್ನಡೇ. ಇವರು ಯುವಕರಾಗಿದ್ದಾಗ ನಮ್ಮ ನೀಲಗಿರಿ, ಆನೆಮಲೆ ಕಾಡಿಗೆ ಬಂದು ವಸ್ತುಸಂಗ್ರಹಾಲಯಕ್ಕೆ ಅಂತ ಆನೆ, ಹುಲಿ ಹೊಡೆದವರು. ಆಮೇಲೆ ಅಮೆರಿಕದ ಕಾಡೆಮ್ಮೆ, ಅದೇ ಬೈಸನ್, ಇನ್ನೇನು ಮುಗಿಯಿತು ಅನ್ನುವಾಗ ಅದನ್ನು ಉಳಿಸಲು ಟೊಂಕ ಕಟ್ಟಿ ನಿಂತರು. ಮೃಗಾಲಯದಲ್ಲಿ ಸಾಕಿದ ಬೈಸನ್‌ಗಳನ್ನು ರೈಲಿನಲ್ಲಿ ಓಕ್ಲಹೋಮಾಗೆ ಕಳಿಸಿ ಬಯಲಿಗೆ ಬಿಟ್ಟರು. ಅದೇ ಹಾರ್ನಡೇ 1906ರಲ್ಲಿ ಕಾಂಗೋದ ಓಟಾ ಬೆಂಗಾ ಎಂಬ ಯುವಕನನ್ನು ಕೋತಿಗಳ ಮನೆಯಲ್ಲಿ ಜನರ ನೋಟಕ್ಕೆ ಇಟ್ಟರು.

ಇನ್ನು ನಮ್ಮ ಕಡೆಗೆ ಬನ್ನಿ. ಆ ಸೊಸೈಟಿಯೇ ಇಂದಿನ ವೈಲ್ಡ್‌ಲೈಫ್ ಕನ್ಸರ್ವೇಷನ್ ಸೊಸೈಟಿ. ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಹುಲಿಗಳಿಗೆ ರೇಡಿಯೊ ಕಾಲರ್ ಹಾಕಿ, ಕ್ಯಾಮೆರಾ ಇಟ್ಟು, ಮೈಮೇಲಿನ ಪಟ್ಟೆ ನೋಡಿ ಒಂದೊಂದನ್ನೂ ಗುರುತಿಸುವ ಕೆಲಸ ಮಾಡಿದ್ದು ಇದರ ಜೊತೆಗೇ. ಹುಲಿ ಎಣಿಸುವ ಆ ವಿಧಾನ ಪ್ರಪಂಚಕ್ಕೆಲ್ಲ ಹೋಯಿತು. 2020ರಲ್ಲಿ ಸೊಸೈಟಿ ಓಟಾ ಬೆಂಗಾ ವಿಷಯಕ್ಕೆ ಕ್ಷಮೆ ಕೇಳಿತು, ಗ್ರಾಂಟ್ ಬರಹವನ್ನು ಖಂಡಿಸಿತು. ಕೆಲಸ ಒಳ್ಳೆಯದು, ಮಾಡಿದವರೆಲ್ಲ ಒಳ್ಳೆಯವರಲ್ಲ. ಎರಡನ್ನೂ ಹೇಳಿ.

ಮಂಜಿನಹನಿ:
ಓಟಾ ಬೆಂಗಾ ಕಥೆ ಓದಿದ ದಿನ ನನಗೆ ಊಟ ಸೇರಲಿಲ್ಲ.

ಬದುಕಟ್ಟು:
ಎಲ್ಲರೂ ಕಾಡು, ಪ್ರಾಣಿ ಅಂತೀರಿ. ಮಣ್ಣಿನ ಬಗ್ಗೆ ಯಾರಿಗೂ ಚಿಂತೆ ಇಲ್ಲ. ನಾನು ಗದಗ ಕಡೆಯ ರೈತ. ನನ್ನ ಓಟು ಮಣ್ಣಿನ ವಿಜ್ಞಾನಿ ಹ್ಯೂ ಬೆನೆಟ್‌ಗೆ. ಅಲ್ಲಿ ಬಯಲುಸೀಮೆಯ ಹುಲ್ಲು ಕಿತ್ತು ಗೋಧಿ ಬಿತ್ತಿದ್ದರು, 1930ರ ದಶಕದಲ್ಲಿ ಮಳೆ ಕೈಕೊಟ್ಟಿತು, ಮೇಲ್ಮಣ್ಣೆಲ್ಲ ಗಾಳಿಗೆ ಎದ್ದಿತು. ಲಕ್ಷಾಂತರ ಜನ ಊರು ಬಿಟ್ಟರು. ಈ ಮನುಷ್ಯ ಹತ್ತಾರು ವರ್ಷದಿಂದ ಮಣ್ಣು ಕೊಚ್ಚಿ ಹೋಗುತ್ತಿದೆ ಅಂತ ಹೇಳುತ್ತಲೇ ಇದ್ದರು. 1935ರಲ್ಲಿ ಆ ಧೂಳು ವಾಷಿಂಗ್ಟನ್‌ವರೆಗೂ ಬಂದು ಸಂಸದರ ಕಿಟಕಿ ಮುಂದೆ ಆಕಾಶ ಮಂಕಾಯಿತು. ಏಪ್ರಿಲ್ 27ಕ್ಕೆ ಮಣ್ಣು ಸಂರಕ್ಷಣಾ ಕಾಯ್ದೆ ಪಾಸಾಯಿತು.

ಬೆನೆಟ್ ಹೇಳಿದ್ದು ರೈತನಿಗೆ ಹೊಸದಲ್ಲ. ಇಳಿಜಾರಿಗೆ ಅಡ್ಡ ಉಳಿ, ಬದು ಹಾಕು, ನೆಲ ಬರಿದು ಬಿಡಬೇಡ. ಆದರೆ ಸರ್ಕಾರವನ್ನೇ ಹೊಲಕ್ಕೆ ಕರೆದುಕೊಂಡು ಬಂದರು. ಅದು ದೊಡ್ಡದು.

ಹೊಳೆಸಾಲು:
ಬೆನೆಟ್ ಹೆಸರೇ ಕೇಳಿರಲಿಲ್ಲ. ಮೊದಲಿನಿಂದ ಓದುತ್ತೇನೆ. ಲಿಯೋಪೋಲ್ಡ್ ಬಗ್ಗೆ ಯಾರಾದರೂ ಹೇಳಿ.

ಹುಲಿಹೆಜ್ಜೆ:
ಆಲ್ಡೊ ಲಿಯೋಪೋಲ್ಡ್ ಪಿಂಚೋ ಗರಡಿಯ ಹುಡುಗ. 1909ರಲ್ಲಿ ಅರಿಜೋನಾದ ಕಾಡಿಗೆ ಕೆಲಸಕ್ಕೆ ಹೋದರು. ತೋಳ ಕಂಡರೆ ಹೊಡೆಯಬೇಕು ಅನ್ನೋದು ಆಗಿನ ರೂಢಿ. ತೋಳ ಕಡಿಮೆಯಾದರೆ ಜಿಂಕೆ ಜಾಸ್ತಿ, ಬೇಟೆಗಾರರಿಗೆ ಹಬ್ಬ. ಒಂದು ದಿನ ಹೊಳೆ ದಾಟಿ ಬಂದ ತಾಯಿ ತೋಳಕ್ಕೆ ಮೇಲಿನ ಬಂಡೆಯಿಂದ ಇವರ ತಂಡ ಗುಂಡು ಹಾರಿಸಿತು. ಕೆಳಗೆ ಇಳಿದು ಹೋದಾಗ ಅದರ ಕಣ್ಣಲ್ಲಿ ಹಸಿರು ಬೆಂಕಿ ಆರುತ್ತಿತ್ತು ಅಂತ ಬರೆದಿದ್ದಾರೆ. ಆಮೇಲೆ ತೋಳ ಇಲ್ಲದ ಬೆಟ್ಟಗಳನ್ನೂ ನೋಡಿದರು. ಜಿಂಕೆಗಳು ಮಿತಿಮೀರಿ, ಚಿಗುರೆಲ್ಲ ತಿಂದು, ಕೊನೆಗೆ ಅವೇ ಹಸಿವಿನಿಂದ ಸತ್ತವು.

1924ರಲ್ಲಿ ಇವರ ಒತ್ತಾಯದಿಂದ ನ್ಯೂ ಮೆಕ್ಸಿಕೋದ ಗಿಲಾ ಕಾಡನ್ನು ರಸ್ತೆ ಇಲ್ಲದ ಕಾಡಾಗಿ ಬಿಟ್ಟರು. ವಿಸ್ಕಾನ್ಸಿನ್‌ನಲ್ಲಿ ಬೆಳೆ ತೆಗೆದು ತೆಗೆದು ಸತ್ತುಹೋಗಿದ್ದ ಒಂದು ಜಮೀನು ಕೊಂಡು, ಹಳೇ ಕೋಳಿಗೂಡನ್ನೇ ಮನೆ ಮಾಡಿಕೊಂಡು, ಮನೆಮಂದಿಯೆಲ್ಲ ಸೇರಿ ಸಾವಿರಾರು ಪೈನ್ ಸಸಿ ನೆಟ್ಟರು. 1948ರ ಏಪ್ರಿಲ್‌ನಲ್ಲಿ ಪಕ್ಕದವರ ಹುಲ್ಲಿಗೆ ಬಿದ್ದ ಬೆಂಕಿ ಆರಿಸಲು ಹೋಗಿ ಎದೆನೋವು ಬಂದು ಅಲ್ಲೇ ತೀರಿಕೊಂಡರು. ಅವರ ಪ್ರಬಂಧಗಳು ಪುಸ್ತಕವಾಗಿ ಬಂದದ್ದು ಮರುವರ್ಷ. ಯೆಲ್ಲೋಸ್ಟೋನ್‌ಗೆ ತೋಳ ವಾಪಸ್ ಬಂದದ್ದು 1995ರಲ್ಲಿ.

ಕಾಡುಮಲ್ಲಿಗೆ:
ಈಗಲಾದರೂ ಹೆಂಗಸರ ಕಡೆ ಬನ್ನಿ. 1896ರಲ್ಲಿ ಬಾಸ್ಟನ್‌ನಲ್ಲಿ ಹ್ಯಾರಿಯೆಟ್ ಹೆಮೆನ್‌ವೇ, ಮಿನಾ ಹಾಲ್ ಅಂತ ಇಬ್ಬರು ಸಂಬಂಧಿಕರು. ಟೋಪಿಗೆ ಗರಿ ಸಿಕ್ಕಿಸುವ ಶೋಕಿಗೆ ಬೆಳ್ಳಕ್ಕಿಗಳ ಗೂಡಿಗೆ ಗೂಡೇ ಖಾಲಿಯಾಗುತ್ತಿತ್ತು. ಮರಿ ಮಾಡುವ ಹೊತ್ತಿಗೇ ಗರಿ ಚೆಂದ, ಆಗಲೇ ಕೊಲ್ಲುತ್ತಿದ್ದರು, ಮರಿಗಳು ಗೂಡಲ್ಲೇ ಸಾಯುತ್ತಿದ್ದವು. ಇವರಿಬ್ಬರೂ ಶ್ರೀಮಂತ ಮನೆಗಳ ಪಟ್ಟಿ ಹಿಡಿದು, ಚಹಾಕ್ಕೆ ಕರೆದು, ಗರಿ ಟೋಪಿ ಹಾಕುವುದಿಲ್ಲ ಅಂತ 900ಕ್ಕೂ ಹೆಚ್ಚು ಹೆಂಗಸರಿಂದ ಮಾತು ತಗೊಂಡರು. ಅಲ್ಲಿಂದ ಹಕ್ಕಿ ಉಳಿಸುವ ಆಡುಬಾನ್ ಸಂಘ, ಮುಂದೆ 1918ರ ವಲಸೆ ಹಕ್ಕಿ ಕಾಯ್ದೆ. ನಡುವೆ 1905ರಲ್ಲಿ ಫ್ಲಾರಿಡಾದಲ್ಲಿ ಹಕ್ಕಿ ಕಾಯುತ್ತಿದ್ದ ಗೈ ಬ್ರಾಡ್ಲಿಯನ್ನು ಗರಿ ಬೇಟೆಗಾರ ಗುಂಡಿಕ್ಕಿ ಕೊಂದ.

ಈ ಕೆಲಸಕ್ಕೂ ಬೆಂಕಿ ಮುಂದೆ ಕೂತ ಇಬ್ಬರಿಗೂ ಏನು ಸಂಬಂಧ?

ಬಿಸಿಲುಕುದುರೆ:
ಸಂಬಂಧ ಇದೆ. ಫ್ಲಾರಿಡಾದ ಪೆಲಿಕನ್ ದ್ವೀಪವನ್ನು 1903ರಲ್ಲಿ ಮೊದಲ ಪಕ್ಷಿ ಮೀಸಲು ಅಂತ ಘೋಷಿಸಿದ್ದು ರೂಸ್‌ವೆಲ್ಟ್.

ಕಾಡುಮಲ್ಲಿಗೆ:
ಘೋಷಿಸುವ ಹಾಗೆ ಏಳು ವರ್ಷ ಮೊದಲೇ ಹವಾ ಎಬ್ಬಿಸಿದ್ದು ಯಾರು ಅಂತ ಕೇಳಿದೆ ಅಷ್ಟೇ.

ಲೆಕ್ಕದವರು:
ಕಾರ್ಸನ್ ಬಗ್ಗೆ ಒಂದು ಸಂಶಯ. ಅವರಿಂದ ಡಿಡಿಟಿ ನಿಂತು, ಬಡ ದೇಶಗಳಲ್ಲಿ ಮಲೇರಿಯಾದಿಂದ ಲಕ್ಷಾಂತರ ಜನ ಸತ್ತರು ಅಂತ ಓದಿದ್ದೇನೆ. ಇದಕ್ಕೆ ಉತ್ತರ?

ಗೇರುಬೀಜ:
ಉತ್ತರ ನಮ್ಮ ದೇಶದಲ್ಲೇ ಇದೆ. ಅಮೆರಿಕ 1972ರಲ್ಲಿ ನಿಷೇಧಿಸಿದ್ದು ಮುಖ್ಯವಾಗಿ ಹೊಲಕ್ಕೆ ಹೊಡೆಯುವ ಡಿಡಿಟಿ. ನಾವು ನಿಲ್ಲಿಸಿರಲಿಲ್ಲ, ಇಲ್ಲೇ ತಯಾರಿಸಿ ಮನೆಮನೆಗೆ ಹೊಡೆಯುತ್ತಿದ್ದೆವು. 1960ರ ದಶಕದಲ್ಲಿ ಮಲೇರಿಯಾ ಒಂದು ಲಕ್ಷದ ಆಸುಪಾಸಿಗೆ ಇಳಿದಿತ್ತು ನಿಜ. ಆದರೆ 1976ರಲ್ಲಿ 64 ಲಕ್ಷ ಪ್ರಕರಣ! ಡಿಡಿಟಿ ಇದ್ದೂ ಬಂತು. ಸೊಳ್ಳೆಗಳು ವಿಷಕ್ಕೆ ಒಗ್ಗಿಹೋಗಿದ್ದು ಒಂದು ಕಾರಣ. ಹೊಲಕ್ಕೆಲ್ಲ ಸುರಿದರೆ ಸೊಳ್ಳೆಗೆ ಹಾಕುವ ಔಷಧಿಯೂ ಕೆಲಸಕ್ಕೆ ಬಾರದು ಅಂತ ಕಾರ್ಸನ್ 1962ರಲ್ಲೇ ಎಚ್ಚರಿಸಿದ್ದರು. ಪೂರ್ತಿ ನಿಲ್ಲಿಸಿ ಅಂತ ಅವರು ಹೇಳಲೇ ಇಲ್ಲ.

ನಾನು ಬೆಳ್ತಂಗಡಿ ಕಡೆಯವನು. ಚಿಕ್ಕವನಿದ್ದಾಗ ಗೇರು ತೋಪಿನ ಮೇಲೆ ಹೆಲಿಕಾಪ್ಟರ್ ಬಂದು ಎಂಡೋಸಲ್ಫಾನ್ ಸುರಿದು ಹೋಗುತ್ತಿತ್ತು. ಸದ್ದು ಕೇಳಿದರೆ ನಾವು ಓಡಿ ನೋಡುತ್ತಿದ್ದೆವು. ಅಮ್ಮ ಬೈದು ಒಳಗೆ ಕರೆದು, ಬಾವಿಗೆ ತೆಂಗಿನ ಗರಿ ಮುಚ್ಚಲು ಓಡುತ್ತಿದ್ದರು. ಗರಿಯಲ್ಲಿ ಏನು ನಿಲ್ಲುತ್ತದೆ? ನಮ್ಮ ಸುತ್ತಿನ ಎಷ್ಟು ಮನೆಯಲ್ಲಿ ಕೈಕಾಲು ಸ್ವಾಧೀನ ಇಲ್ಲದ ಮಕ್ಕಳಿದ್ದಾರೆ, ಬಂದು ನೋಡಿ. ಸುಪ್ರೀಂ ಕೋರ್ಟ್ ತಡೆ ಕೊಟ್ಟದ್ದು 2011ರಲ್ಲಿ. ಕಾರ್ಸನ್ ಎಚ್ಚರಿಸಿ ಸುಮಾರು ಐವತ್ತು ವರ್ಷ ಆಗಿತ್ತು. ಅದಕ್ಕೇ ಅವರ ಮೇಲೆ ಈ ಮಲೇರಿಯಾ ಆಪಾದನೆ ಕೇಳಿದರೆ ನನಗೆ ಸಿಟ್ಟು ಬರುತ್ತದೆ.

ಲೆಕ್ಕದವರು:
1976ರ ಅಂಕಿ ಗೊತ್ತಿರಲಿಲ್ಲ. ಧನ್ಯವಾದ.

ಮಂಜಿನಹನಿ:
ಆ ಪುಸ್ತಕ ಬರೆಯುವಾಗ ಕಾರ್ಸನ್‌ಗೆ ಸ್ತನ ಕ್ಯಾನ್ಸರ್ ಇತ್ತು. ವಿರೋಧಿಗಳ ಬಾಯಿಗೆ ಬೀಳಬಾರದು ಅಂತ ಮುಚ್ಚಿಟ್ಟರು. ಕಂಪನಿಗಳು ಸಾಲುಗಟ್ಟಿ ಹೀಯಾಳಿಸಿದವು. 1963ರ ಮೇ ತಿಂಗಳಲ್ಲಿ ಕೆನಡಿಯವರ ವಿಜ್ಞಾನ ಸಮಿತಿಯ ವರದಿ ಅವರ ಮಾತಿಗೆ ಬೆಂಬಲ ಕೊಟ್ಟಿತು. 1964ರ ಏಪ್ರಿಲ್‌ನಲ್ಲಿ ಹೋದರು, 56 ವರ್ಷ.

ಹಕ್ಕಿಲೆಕ್ಕ:
ಕಾರ್ಸನ್‌ಗೆ ಸಾಕ್ಷಿ ಒದಗಿಸಿದವರಲ್ಲಿ ಒಬ್ಬರ ಹೆಸರು ಹೇಳುತ್ತೇನೆ. ನನ್ನ ಆಯ್ಕೆಯೂ ಅವರೇ, ರೊಸಾಲಿ ಎಡ್ಜ್. ನ್ಯೂಯಾರ್ಕಿನ ಹೆಂಗಸು, ಮೊದಲು ಮಹಿಳೆಯರ ಮತದಾನದ ಹಕ್ಕಿಗೆ ಹೋರಾಡಿದವರು. 1929ರಲ್ಲಿ ಆಡುಬಾನ್ ಸಂಘದ ಸಭೆಯಲ್ಲೇ ಎದ್ದು ನಿಂತು, ನೀವು ಬೇಟೆಗಾರರ ಜೊತೆ ಸೇರಿಕೊಂಡಿದ್ದೀರಿ ಅಂತ ದೊಡ್ಡ ಮನುಷ್ಯರ ಬೆವರಿಳಿಸಿದರು.

ಆಗ ಪೆನ್ಸಿಲ್ವೇನಿಯಾದಲ್ಲಿ ಗಾಸ್‌ಹಾಕ್ ಅನ್ನುವ ಗಿಡುಗ ಕೊಂದರೆ ಸರ್ಕಾರ 5 ಡಾಲರ್ ಬಹುಮಾನ ಕೊಡುತ್ತಿತ್ತು. ಶರತ್ಕಾಲದಲ್ಲಿ ಒಂದು ಬೆಟ್ಟದ ಸಾಲಿನ ಮೇಲೆ ಗಿಡುಗಗಳು ದಕ್ಷಿಣಕ್ಕೆ ಹೋಗುತ್ತವೆ. ಬೇಟೆಗಾರರು ಬಂಡೆ ಮೇಲೆ ಸಾಲಾಗಿ ನಿಂತು ಹೊಡೆಯುತ್ತಿದ್ದರು. ರಿಚರ್ಡ್ ಪೌ ಎಂಬ ಯುವಕ 1932ರಲ್ಲಿ ಬಿದ್ದ ಹಕ್ಕಿಗಳನ್ನು ಸಾಲಾಗಿ ಜೋಡಿಸಿ ಫೋಟೋ ತೆಗೆದ. ಅದನ್ನು ನೋಡಿದ ಎಡ್ಜ್ 1934ರಲ್ಲಿ ಆ ಬೆಟ್ಟವನ್ನೇ ಗುತ್ತಿಗೆಗೆ ಹಿಡಿದು, ಮಾರಿಸ್ ಬ್ರೌನ್ ಅನ್ನುವವರನ್ನು ಕಾವಲಿಗೆ ಇಟ್ಟರು. ಗುಂಡಿನ ಸದ್ದು ನಿಂತಿತು. ಬ್ರೌನ್ ಬರೀ ಕಾಯಲಿಲ್ಲ, ಪ್ರತಿ ವರ್ಷ ಹಾದುಹೋಗುವ ಹಕ್ಕಿಗಳನ್ನು ಎಣಿಸಿ ಬರೆದಿಟ್ಟರು.

ಆ ಲೆಕ್ಕ ನೋಡಿ. 1935ರಿಂದ 1939ರವರೆಗೆ ಕಂಡ ಬೋಳು ಹದ್ದುಗಳಲ್ಲಿ ಶೇ. 40 ಎಳೆಯವು. 1955ರಿಂದ 1959ಕ್ಕೆ ಶೇ. 20. 1957ರಲ್ಲಂತೂ 32 ದೊಡ್ಡ ಹಕ್ಕಿಗೆ ಒಂದೇ ಮರಿ. ದೊಡ್ಡವು ಹಾರುತ್ತಿವೆ, ಮರಿ ಆಗುತ್ತಿಲ್ಲ. ಇದು ಡಿಡಿಟಿಯ ಪರಿಣಾಮ ಅನ್ನಲು ಕಾರ್ಸನ್ ಈ ಅಂಕಿಯನ್ನು ತಮ್ಮ ಪುಸ್ತಕದಲ್ಲಿ ಇಟ್ಟರು. ಬಂಡೆ ಮೇಲೆ ಕೂತು ಪೆನ್ಸಿಲ್ ಹಿಡಿದು ಎಣಿಸಿದವರು ಇಲ್ಲದಿದ್ದರೆ ಆ ವಾದಕ್ಕೆ ಇಷ್ಟು ಬಲ ಬರುತ್ತಿರಲಿಲ್ಲ.

ನಕ್ಷೆಗಾರ:
ಇದು ಒಳ್ಳೆಯ ಆಯ್ಕೆ. ಪಿಂಚೋ ನನ್ನ ಪಟ್ಟಿಯಲ್ಲಿ ಮೊದಲೇ ಇರುತ್ತಾರೆ, ಆದರೆ ಎಡ್ಜ್ ಪಕ್ಕದಲ್ಲೇ.

ತೊರೆದಂಡೆ:
ಆ ಬೆಟ್ಟಕ್ಕೆ ಈಗ ಹೋಗಬಹುದಾ? ತಂಗಿ ಫಿಲಡೆಲ್ಫಿಯಾದಲ್ಲಿದ್ದಾಳೆ.

ಹಕ್ಕಿಲೆಕ್ಕ:
ಹೋಗಬಹುದು, ಹಾಕ್ ಮೌಂಟನ್ ಅಂತಲೇ ಹೆಸರು. ಸೆಪ್ಟೆಂಬರ್ ಮಧ್ಯದಲ್ಲಿ ಹೋದರೆ ಅಗಲ ರೆಕ್ಕೆಯ ಗಿಡುಗಗಳು ಗುಂಪುಗುಂಪಾಗಿ ಬಿಸಿಗಾಳಿಯಲ್ಲಿ ಸುತ್ತುತ್ತಾ ಮೇಲೇರುವುದು ಕಾಣುತ್ತದೆ. ಬಂಗಾರ ಹದ್ದು ಬೇಕಾದರೆ ನವೆಂಬರ್. ಉತ್ತರದಿಂದ ಗಾಳಿ ಬೀಸುವ ದಿನ ನೋಡಿಕೊಳ್ಳಿ. ದುರ್ಬೀನು, ಬೆಚ್ಚನೆಯ ಬಟ್ಟೆ ಇರಲಿ. ಕೂರುವುದು ಬರೀ ಬಂಡೆ ಮೇಲೆ, ದಪ್ಪನೆಯ ಚಾಪೆಯೊಂದು ಜೊತೆಗಿರಲಿ ಅಂತ ತಂಗಿಗೆ ಹೇಳಿ.